ಮಗಳು ಡ್ರ್ಯಾಗನ್ ಪುಸ್ತಕ ಕೇಳುತ್ತಿದ್ದಾಳೆ, ಯಾವುದು ಕೊಡಿಸಲಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆ ಹತ್ತಿರ ಬಂದಂತೆ ಮಕ್ಕಳ ಪುಸ್ತಕ ಕೇಳಿ ಬರುವ ಪತ್ರಗಳು ಜಾಸ್ತಿಯಾಗುತ್ತವೆ. ಈ ಸಲ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಒಂದೇ ಪ್ರಾಣಿ ಮತ್ತೆ ಮತ್ತೆ ಕಾಣಿಸಿತು. ಅದು ಡ್ರ್ಯಾಗನ್. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾವ ಪುಸ್ತಕ ಅನ್ನುವುದರ ಜೊತೆಗೆ ಅದನ್ನು ಮನೆಯಲ್ಲಿ ಹೇಗೆ ಓದುವುದು ಅನ್ನುವುದನ್ನೂ ಹೇಳುತ್ತೇನೆ, ಯಾಕೆಂದರೆ ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ಇಂಗ್ಲಿಷ್ ಮೀಡಿಯಂ. ಟಿವಿಯಲ್ಲಿ ಡ್ರ್ಯಾಗನ್ ಸಿನಿಮಾ ನೋಡಿದ ಮೇಲೆ ಅದರ ಪುಸ್ತಕ ಬೇಕು ಅಂತ ಹಟ ಹಿಡಿದಿದ್ದಾನೆ. ಆದರೆ ದಪ್ಪ ಪುಸ್ತಕ ಕಂಡರೆ ನಾಲ್ಕು ಪುಟ ಓದಿ ಇಟ್ಟುಬಿಡುತ್ತಾನೆ. ಯಾವುದರಿಂದ ಶುರು ಮಾಡಿಸಲಿ?
(ತಾಯಿಯೊಬ್ಬರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ನಿಮ್ಮ ಮಗ ನೋಡಿದ್ದು ಬಹುಶಃ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' ಇರಬೇಕು. ಆ ಸಿನಿಮಾ ಬಂದದ್ದು 2010ರಲ್ಲಿ. ಅದರ ಮೂಲ ಪುಸ್ತಕವನ್ನು ಕ್ರೆಸಿಡಾ ಕೋವೆಲ್ 2003ರಲ್ಲೇ ಬರೆದಿದ್ದರು, ಆಮೇಲೆ ಅದು 12 ಪುಸ್ತಕಗಳ ಸರಣಿಯಾಗಿ 2015ರಲ್ಲಿ ಮುಗಿಯಿತು.

ಕೊಡಿಸುವ ಮೊದಲು ಅವನಿಗೆ ಒಂದು ಮಾತು ಹೇಳಿಬಿಡಿ. ಸಿನಿಮಾದ ಕಥೆಯೇ ಬೇರೆ, ಪುಸ್ತಕದ ಕಥೆಯೇ ಬೇರೆ. ಸಿನಿಮಾದಲ್ಲಿ ಟೂತ್‌ಲೆಸ್ ಅಂದರೆ ಬೆನ್ನ ಮೇಲೆ ಹುಡುಗನನ್ನು ಕೂರಿಸಿಕೊಂಡು ಹಾರುವ ದೊಡ್ಡ ಕಪ್ಪು ಡ್ರ್ಯಾಗನ್. ಪುಸ್ತಕದಲ್ಲಿ ಅದು ಪುಟ್ಟ ಹಸಿರು ಮರಿ, ಮಹಾ ಹಟಮಾರಿ, ಹೇಳಿದ ಮಾತು ಒಂದೂ ಕೇಳುವುದಿಲ್ಲ. ಇದು ಗೊತ್ತಿಲ್ಲದೆ ಓದಲು ಕೂತ ಮಕ್ಕಳಿಗೆ ಮೊದಲ ಅಧ್ಯಾಯದಲ್ಲೇ ಬೇಜಾರಾಗುತ್ತದೆ. ಗೊತ್ತಿದ್ದು ಓದಿದರೆ ಆ ಮರಿಯನ್ನೇ ಜಾಸ್ತಿ ಇಷ್ಟಪಡುತ್ತಾರೆ.

ನನಗೆ ಆ ಪುಸ್ತಕದಲ್ಲಿ ತುಂಬಾ ಹಿಡಿಸುವ ಒಂದು ಭಾಗ ಇದೆ. ಡ್ರ್ಯಾಗನ್ ಪಳಗಿಸುವುದು ಹೇಗೆ ಅಂತ ಕಥೆ ನಡೆಯುವ ದ್ವೀಪದ ವೈಕಿಂಗ್ ಜನರ, ಅಂದರೆ ಉತ್ತರ ಯುರೋಪಿನ ಹಳೇ ಕಾಲದ ಕಡಲ ಯೋಧರ ಹತ್ತಿರ ಒಂದು ಕೈಪಿಡಿ ಇರುತ್ತದೆ, ಅದನ್ನು ತೆರೆದರೆ ಒಳಗಿರುವ ಬುದ್ಧಿಮಾತು ಒಂದೇ: ಅದರ ಮೇಲೆ ಕೂಗಾಡು, ಜೋರಾಗಿ ಕೂಗಾಡು. ಹಿಕಪ್ ಅನ್ನುವ ಸಣಕಲು ಹುಡುಗನಿಗೆ ಕೂಗಾಡಲು ಬರುವುದಿಲ್ಲ. ಅವನು ಡ್ರ್ಯಾಗನ್ನುಗಳ ಭಾಷೆ ಕಲಿತು ಮರಿಯ ಜೊತೆ ಮಾತಾಡುತ್ತಾನೆ. ಇದನ್ನು ಮಕ್ಕಳು ಓದಿದಾಗ ನಗುತ್ತಾರೆ, ದೊಡ್ಡವರು ಓದಿದಾಗ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಪುಟಪುಟದಲ್ಲೂ ಲೇಖಕಿಯೇ ಗೀಚಿದ ಚಿತ್ರಗಳಿವೆ, ಹಾಗಾಗಿ ಪುಸ್ತಕ ಕಂಡಷ್ಟು ದಪ್ಪ ಅಲ್ಲ.

ಅದೂ ಭಾರ ಅನ್ನಿಸಿದರೆ ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯಿರಿ. ರೂತ್ ಸ್ಟೈಲ್ಸ್ ಗ್ಯಾನೆಟ್ ಬರೆದ 'ಮೈ ಫಾದರ್ಸ್ ಡ್ರ್ಯಾಗನ್' 1948ರದ್ದು. ಹತ್ತೇ ಪುಟ್ಟ ಅಧ್ಯಾಯ. ಕಾಡುಪ್ರಾಣಿಗಳು ಒಂದು ಡ್ರ್ಯಾಗನ್ ಮರಿಯನ್ನು ಹಗ್ಗ ಕಟ್ಟಿ ಹೊಳೆ ದಾಟಿಸುವ ಕೆಲಸಕ್ಕೆ ದುಡಿಸಿಕೊಳ್ಳುತ್ತಿರುತ್ತವೆ, ಎಲ್ಮರ್ ಎಂಬ ಹುಡುಗ ಅದನ್ನು ಬಿಡಿಸಲು ಹೊರಡುತ್ತಾನೆ. ಅವನ ಚೀಲದಲ್ಲಿ ಕತ್ತಿ ಇಲ್ಲ, ಮಂತ್ರ ಇಲ್ಲ. ಚೂಯಿಂಗ್ ಗಮ್, ಲಾಲಿಪಾಪ್, ರಬ್ಬರ್ ಬ್ಯಾಂಡ್, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ಇವೆ. ಹುಲಿಗೆ ಒಂದು, ಸಿಂಹಕ್ಕೆ ಒಂದು, ಮೊಸಳೆಗೆ ಒಂದು ಅಂತ ಒಂದೊಂದನ್ನೇ ಹೊರಗೆ ತೆಗೆದು ದಾರಿ ಮಾಡಿಕೊಳ್ಳುತ್ತಾನೆ. ಮುಂದೆ ಯಾವ ವಸ್ತು ತೆಗೆಯುತ್ತಾನೆ ಅಂತ ಊಹಿಸುವ ಆಟಕ್ಕೆ ಮಕ್ಕಳು ಪುಟ ತಿರುಗಿಸುತ್ತಲೇ ಹೋಗುತ್ತಾರೆ.

ಇನ್ನೊಂದು ಮಾತು ತಾಯಿ. ಮಕ್ಕಳಿಗೆ ಓದಿ ಅರ್ಥವಾಗುವುದಕ್ಕಿಂತ ಕೇಳಿ ಅರ್ಥವಾಗುವುದು ಎಷ್ಟೋ ಜಾಸ್ತಿ. ಒಂಬತ್ತರ ಹುಡುಗ ತಾನಾಗಿ ಓದಲಾರದ ಪುಸ್ತಕವನ್ನು ಕೇಳಿ ಪೂರ್ತಿ ಅನುಭವಿಸಬಲ್ಲ. ರಾತ್ರಿ ಊಟ ಆದ ಮೇಲೆ ಒಂದು ಅಧ್ಯಾಯ ನೀವು ಓದಿ. ಇಂಗ್ಲಿಷಿನಲ್ಲಿ ಓದಿ, ಸಿಕ್ಕಿಕೊಂಡ ಕಡೆ ನಮ್ಮ ಹುಬ್ಬಳ್ಳಿ ಮಾತಿನಲ್ಲೇ ಹೇಳಿ. ಉಚ್ಚಾರ ತಪ್ಪುತ್ತದೆ ಅಂತ ಸಂಕೋಚ ಬೇಡವೇ ಬೇಡ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. 'ವಿಂಗ್ಸ್ ಆಫ್ ಫೈರ್' ಬೇಕು ಅಂದಳು. ಪುಸ್ತಕದಂಗಡಿಯಲ್ಲಿ ಕೇಳಿದರೆ ಅಬ್ದುಲ್ ಕಲಾಂ ಅವರ ಪುಸ್ತಕ ಕೊಟ್ಟರು. ಮಗಳು ನೋಡಿ ಇದಲ್ಲ ಅಪ್ಪಾ ಅಂದಳು. ಅವಳು ಕೇಳುತ್ತಿರುವುದು ಯಾವುದು? ಅದರಲ್ಲಿ ಹೊಡೆದಾಟ ಬಹಳ ಇದೆ ಅಂತ ಕೇಳಿದೆ, ಕೊಡಿಸಬಹುದಾ?
(ತಂದೆಯೊಬ್ಬರು, ಗದಗ)

ಉತ್ತರ: ಎರಡೂ ಪುಸ್ತಕಗಳಿಗೆ ಒಂದೇ ಹೆಸರು ಸರ್, ಗೊಂದಲ ಆಗುವುದು ಸಹಜ. ಕಲಾಂ ಅವರ ಆತ್ಮಕಥೆ ಬಂದದ್ದು 1999ರಲ್ಲಿ. ನಿಮ್ಮ ಮಗಳು ಕೇಳುತ್ತಿರುವುದು ಟೂಯಿ ಟಿ. ಸದರ್‌ಲ್ಯಾಂಡ್ ಬರೆದ ಸರಣಿ, ಅದರ ಮೊದಲ ಪುಸ್ತಕ 'ದಿ ಡ್ರ್ಯಾಗನೆಟ್ ಪ್ರಾಫೆಸಿ', 2012ರದ್ದು. ಅಂಗಡಿಯಲ್ಲಿ ಲೇಖಕಿಯ ಹೆಸರನ್ನೂ ಮೊದಲ ಭಾಗದ ಹೆಸರನ್ನೂ ಬರೆದು ಕೊಡಿ, ಆಗ ತಪ್ಪುವುದಿಲ್ಲ. ಕಲಾಂ ಅವರದ್ದನ್ನು ವಾಪಸ್ ಕೊಡಬೇಡಿ, ಇನ್ನೆರಡು ಮೂರು ವರ್ಷಕ್ಕೆ ಅವಳೇ ತೆಗೆದು ಓದುತ್ತಾಳೆ.

ಈ ಸರಣಿಯ ವಿಶೇಷ ಏನೆಂದರೆ ಇಲ್ಲಿ ಮನುಷ್ಯರು ಲೆಕ್ಕಕ್ಕೇ ಇಲ್ಲ. ಡ್ರ್ಯಾಗನ್ನುಗಳೇ ನಾಯಕರು, ಅವೇ ವೈರಿಗಳು, ಅವೇ ರಾಣಿಯರು. ಒಂದು ರಾಜ್ಯದ ರಾಣಿ ಸತ್ತಿದ್ದಾಳೆ, ಸಿಂಹಾಸನಕ್ಕೆ ಅವಳ ಮೂವರು ಹೆಣ್ಣುಮಕ್ಕಳು ಕಾದಾಡುತ್ತಿದ್ದಾರೆ, ಉಳಿದ ಕುಲಗಳೂ ಒಬ್ಬೊಬ್ಬರ ಕಡೆ ಸೇರಿ ಇಡೀ ಖಂಡವೇ ವರ್ಷಗಟ್ಟಲೆ ಯುದ್ಧದಲ್ಲಿ ಬೇಯುತ್ತಿದೆ. ಈ ಯುದ್ಧ ನಿಲ್ಲಿಸುವವರು ಇವರೇ ಅಂತ ಭವಿಷ್ಯವಾಣಿಯ ಮೇಲೆ ಐದು ಮರಿಗಳನ್ನು ಗುಡ್ಡದೊಳಗೆ ಬಚ್ಚಿಟ್ಟು ಬೆಳೆಸಲಾಗುತ್ತದೆ. ಆ ಐವರಲ್ಲಿ ಒಬ್ಬೊಬ್ಬರ ಕಣ್ಣಿನಿಂದ ಒಂದೊಂದು ಪುಸ್ತಕ. ಐದಕ್ಕೆ ಆ ಕಥೆ ಒಂದು ಘಟ್ಟ ಮುಟ್ಟುತ್ತದೆ, ಬೇಕಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಹೊಡೆದಾಟ ಇದೆ. ಸಾವೂ ಇದೆ, ಕೆಲವು ಕಡೆ ಕ್ರೂರವಾಗಿಯೇ ಇದೆ, ಸೆರೆಸಿಕ್ಕ ಡ್ರ್ಯಾಗನ್ನುಗಳನ್ನು ಕಣದಲ್ಲಿ ಬಿಟ್ಟು ಕಾದಾಡಿಸುವ ರಾಣಿಯೊಬ್ಬಳು ಬರುತ್ತಾಳೆ. ಇದನ್ನು ಮುಚ್ಚಿಟ್ಟು ಚೆನ್ನಾಗಿದೆ ಅಂತಷ್ಟೇ ಹೇಳುವುದು ಸರಿಯಲ್ಲ. ಆದರೆ ನೀವು ಗದುಗಿನವರು. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ಹೇಳುವ ಊರು ನಿಮ್ಮದು. ದಾಯಾದಿಗಳ ಜಗಳ, ಅದಕ್ಕೆ ಸಂಬಂಧವೇ ಇಲ್ಲದವರ ಸಾವು, ಹುಟ್ಟುವ ಮೊದಲೇ ಹಣೆಬರಹ ಹೊತ್ತ ಮಕ್ಕಳು, ಇದನ್ನೆಲ್ಲ ನಮ್ಮ ಮಕ್ಕಳಿಗೆ ನಾವು ಚಿಕ್ಕಂದಿನಿಂದ ಹೇಳುತ್ತಲೇ ಬಂದಿದ್ದೇವೆ ಅಲ್ವಾ? ಅಭಿಮನ್ಯುವಿನ ಕಥೆ ಕೇಳಿದ ಮಗುವಿಗೆ ಈ ಪುಸ್ತಕ ಭಾರವಾಗುವುದಿಲ್ಲ. ರಾತ್ರಿ ಹೆದರುವ ಸ್ವಭಾವ ಇದ್ದರೆ ಮಾತ್ರ ಒಂದು ವರ್ಷ ತಡೆಯಿರಿ. ಇಲ್ಲವಾದರೆ ಮೊದಲ ಭಾಗವನ್ನು ನೀವೂ ಓದಿ, ಆ ಯುದ್ಧದಲ್ಲಿ ಯಾರ ಪಾಲಿಗೆ ನ್ಯಾಯ ಇದೆ ಅಂತ ಅವಳನ್ನೇ ಕೇಳಿ. ಹನ್ನೊಂದರ ಮಕ್ಕಳಿಗೆ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ, ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾರೆ.

ಪ್ರಶ್ನೆ: ಮೊಮ್ಮಗ ದಿನವಿಡೀ ಪರದೇಶದ ಡ್ರ್ಯಾಗನ್ ಪುಸ್ತಕ ಹಿಡಿದು ಕೂತಿರುತ್ತಾನೆ. ಸ್ಮಾಗ್ ಅಂತಾನೆ, ಏನೇನೋ ಅಂತಾನೆ. ವೃತ್ರಾಸುರ ಯಾರು ಅಂದರೆ ಗೊತ್ತಿಲ್ಲ. ನಮ್ಮಲ್ಲಿ ಕಥೆಗಳೇ ಇಲ್ಲವೇ? ಇದು ಕಾಲಹರಣ ಅಲ್ಲವೇ?
(ನಿವೃತ್ತರೊಬ್ಬರು, ಮಾಳಮಡ್ಡಿ, ಧಾರವಾಡ)

ಉತ್ತರ: ಅಜ್ಜಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಕಾಲಹರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಮಾಗ್ ಅಂದರೆ ಟೋಲ್ಕಿನ್ 1937ರಲ್ಲಿ ಬರೆದ 'ದಿ ಹಾಬಿಟ್' ಕಾದಂಬರಿಯ ಡ್ರ್ಯಾಗನ್. ಗುಡ್ಡದೊಳಗೆ ಬೆಟ್ಟದಷ್ಟು ಬಂಗಾರದ ಮೇಲೆ ಮಲಗಿರುತ್ತದೆ. ಅಷ್ಟು ರಾಶಿಯಲ್ಲಿ ಒಂದೇ ಒಂದು ಬಟ್ಟಲು ಕಳುವಾದರೂ ಅದಕ್ಕೆ ಗೊತ್ತಾಗಿ ಕೆರಳಿ ಊರು ಸುಡಲು ಹೊರಡುತ್ತದೆ. ತಾನೂ ಅನುಭವಿಸದೆ, ಬೇರೆಯವರಿಗೂ ಬಿಡದೆ ಕಾಯುವ ಆಸೆಯನ್ನು ಹುಡುಗರಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಆ ಪುಸ್ತಕವನ್ನು ಪೂರ್ತಿ ಓದುವ ತಾಳ್ಮೆ ನಿಮ್ಮ ಮೊಮ್ಮಗನಿಗಿದೆ ಅಂದರೆ ಅದೇ ಸಂತೋಷದ ವಿಷಯ.

ಈಗ ವೃತ್ರನ ಕಥೆ ನೋಡಿ. ಋಗ್ವೇದದಲ್ಲಿ ಅವನು ಗುಡ್ಡದ ಮೇಲೆ ಮಲಗಿ ನೀರನ್ನೆಲ್ಲ ತಡೆಹಿಡಿದ ಸರ್ಪ. ಇಂದ್ರ ವಜ್ರಾಯುಧದಿಂದ ಹೊಡೆದ ಮೇಲೆ ನೀರು ಬಿಡುಗಡೆಯಾಗಿ ಸಮುದ್ರದ ಕಡೆ ಹರಿಯುತ್ತದೆ. ಅಲ್ಲಿ ಬಂಗಾರ, ಇಲ್ಲಿ ನೀರು. ಮಳೆಗಾಗಿ ಮುಗಿಲು ನೋಡುವ ನಮ್ಮ ಕಡೆಯ ಹುಡುಗನಿಗೆ ಯಾವುದು ದೊಡ್ಡ ಕಳವು ಅಂತ ಬೇಗ ತಿಳಿಯುತ್ತದೆ. ಯಮುನೆಯ ಮಡುವನ್ನು ವಿಷ ಮಾಡಿದ ಕಾಳಿಂಗನ ಕಥೆ ಇದೆ, ಕಡೆಗೋಲಿಗೆ ಹಗ್ಗವಾದ ವಾಸುಕಿಯ ಕಥೆ ಇದೆ. ಇವನ್ನು ನೀವೇ ಹೇಳಬೇಕು. ಅವನ ಪುಸ್ತಕ ಕಸಿದುಕೊಂಡು ಹೇಳಿದರೆ ಕೇಳುವುದಿಲ್ಲ. ಮೊದಲು ಸ್ಮಾಗ್ ಕಥೆಯನ್ನು ಅವನ ಬಾಯಿಂದ ಪೂರ್ತಿ ಕೇಳಿ, ನಡುವೆ ಪ್ರಶ್ನೆ ಹಾಕಿ, ಆಮೇಲೆ ನಿಮ್ಮದು ಶುರು ಮಾಡಿ. ಡ್ರ್ಯಾಗನ್ ಇಷ್ಟಪಡುವ ಹುಡುಗ ವೃತ್ರನನ್ನು ಬೇಡ ಅನ್ನುವುದಿಲ್ಲ, ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಡ್ರ್ಯಾಗನ್ ಅಂದರೆ ಬರೀ ಯುರೋಪಿನದ್ದು ಅಂತಲೂ ತಿಳಿಯಬೇಡಿ. ಚೀನಾದ ಕಥೆಗಳಲ್ಲಿ ಡ್ರ್ಯಾಗನ್ ಮಳೆಗೆ, ಹೊಳೆಗೆ ಒಡೆಯ, ಜನ ಅದನ್ನು ಗೌರವದಿಂದ ಕಾಣುತ್ತಾರೆ. ಗ್ರೇಸ್ ಲಿನ್ 2009ರಲ್ಲಿ ಬರೆದ 'ವೇರ್ ದಿ ಮೌಂಟನ್ ಮೀಟ್ಸ್ ದಿ ಮೂನ್' ಅನ್ನು ಮೊಮ್ಮಗನಿಗೆ ತರಿಸಿಕೊಡಿ. ಬಡ ರೈತರ ಮಗಳು ಮಿನ್ಲಿ ಮನೆಯ ಅದೃಷ್ಟ ಬದಲಿಸಲು ಹೊರಡುತ್ತಾಳೆ, ದಾರಿಯಲ್ಲಿ ಹಾರಲು ಬಾರದ ಡ್ರ್ಯಾಗನ್ ಜೊತೆಯಾಗುತ್ತದೆ. ಅವಳ ಅಪ್ಪ ಪ್ರತಿ ರಾತ್ರಿ ಮಗಳಿಗೆ ಕಥೆ ಹೇಳುವವನು. ಕಥೆಯೊಳಗೊಂದು ಕಥೆ ಬರುತ್ತಲೇ ಇರುತ್ತದೆ, ನಮ್ಮ ಪಂಚತಂತ್ರದ ಹಾಗೆ. ಅದನ್ನು ನೀವೂ ಇಷ್ಟಪಡುತ್ತೀರಿ.

ಪ್ರಶ್ನೆ: ನಾನು ಆರನೇ ಕ್ಲಾಸು. ಡ್ರ್ಯಾಗನ್ ನಿಜವಾಗಿ ಇದ್ದವಾ? ಈಗ ಎಲ್ಲಾದರೂ ಇವೆಯಾ?
(ಶಿಗ್ಗಾವಿಯ ವಿದ್ಯಾರ್ಥಿನಿ)

ಉತ್ತರ: ಬೆಂಕಿ ಉಗುಳುವ ಡ್ರ್ಯಾಗನ್ ಎಂದೂ ಇರಲಿಲ್ಲ ತಂಗೀ. ಇಂಡೋನೇಷ್ಯಾದ ಕೆಲವು ದ್ವೀಪಗಳಲ್ಲಿ ಕೊಮೊಡೋ ಡ್ರ್ಯಾಗನ್ ಅನ್ನುವ ಹಲ್ಲಿ ಜಾತಿಯ ಪ್ರಾಣಿ ಇದೆ. ಸುಮಾರು 3 ಮೀಟರ್ ಉದ್ದ ಬೆಳೆಯುತ್ತದೆ, ಜಿಂಕೆಯನ್ನೂ ಬೇಟೆಯಾಡುತ್ತದೆ, ಅದರ ಕಡಿತದಲ್ಲಿ ವಿಷ ಇದೆ. ಆದರೆ ಹಾರುವುದಿಲ್ಲ.

ಹಾರುವುದು ಬೇಕಾ? ಅದು ನಿಮ್ಮೂರಿನಿಂದ ಬಹಳ ದೂರವೇನೂ ಇಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಹಾರುವ ಓತಿ ಇರುತ್ತದೆ. ಅದರ ಪಕ್ಕೆಲುಬುಗಳು ಉದ್ದವಾಗಿ ಹೊರಗೆ ಚಾಚಿಕೊಳ್ಳುತ್ತವೆ, ಅವುಗಳ ನಡುವೆ ತೆಳ್ಳನೆಯ ಚರ್ಮ. ಅದನ್ನು ಕೊಡೆ ಬಿಚ್ಚಿದಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿ ಹೋಗುತ್ತದೆ. ಇರುವೆ ತಿಂದು ಬದುಕುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ. ತೊಗಟೆಯ ಬಣ್ಣವೇ ಇರುವುದರಿಂದ ಎದುರಿಗಿದ್ದರೂ ಕಾಣುವುದು ಕಷ್ಟ. ಇದನ್ನೇ ಹುಡುಕಿಕೊಂಡು ಕಾಡಿಗೆ ಹೋಗುವವರ ಕಥೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ', ಬಂದದ್ದು 1980ರಲ್ಲಿ. ಒಬ್ಬ ವಿಜ್ಞಾನಿ, ಒಬ್ಬ ರೈತ, ಜೇನು ಹುಡುಕುವ ಮಂದಣ್ಣ, ಒಂದು ನಾಯಿ. ಇನ್ನೆರಡು ವರ್ಷ ಆದ ಮೇಲೆ ಓದು. ನಿನ್ನ ಅಪ್ಪ ಅಮ್ಮ ಈಗಾಗಲೇ ಓದಿರಬಹುದು, ಅವರನ್ನು ಕೇಳು.

ಪ್ರಶ್ನೆ: ಹಾವೇರಿ ತಾಲ್ಲೂಕಿನ ಸರಕಾರಿ ಶಾಲೆಯ ಶಿಕ್ಷಕಿ ನಾನು. ನಮ್ಮ ಮಕ್ಕಳು ಕನ್ನಡ ಮಾಧ್ಯಮದವರು, ನೀವು ಹೇಳುವ ಇಂಗ್ಲಿಷ್ ಪುಸ್ತಕಗಳು ಅವರಿಗೆ ಓದಲು ಬರುವುದಿಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ಆದರೆ ಮೊಬೈಲಿನಲ್ಲಿ ಡ್ರ್ಯಾಗನ್ ಎಲ್ಲರೂ ನೋಡಿದ್ದಾರೆ. ಏನು ಮಾಡಬಹುದು?

ಉತ್ತರ: ಮೇಡಂ, ಈ ಸಲ ಬಂದ ಪತ್ರಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ನಿಮ್ಮದು.

ಮೊದಲನೆಯದು, ಹಳೆಯ ಕಥೆಗಳನ್ನು ನೀವೇ ಕನ್ನಡಕ್ಕೆ ತನ್ನಿ. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ಅವರ ಬರಹದ ಮೇಲೆ ಹಕ್ಕುಸ್ವಾಮ್ಯ ಇರುವುದಿಲ್ಲ. ಕೆನೆತ್ ಗ್ರಹಾಂ ತೀರಿಕೊಂಡದ್ದು 1932ರಲ್ಲಿ, ಈ. ನೆಸ್ಬಿಟ್ 1924ರಲ್ಲಿ. ಇಬ್ಬರ ಡ್ರ್ಯಾಗನ್ ಕಥೆಗಳನ್ನೂ ಯಾರ ಅನುಮತಿಯೂ ಇಲ್ಲದೆ ಅನುವಾದ ಮಾಡಬಹುದು, ನಾಟಕ ಮಾಡಬಹುದು, ಪ್ರಿಂಟ್ ಹಾಕಿ ಹಂಚಬಹುದು. ಹೊಸ ಮುದ್ರಣಗಳ ಚಿತ್ರಗಳನ್ನು ಮಾತ್ರ ಬಳಸಬೇಡಿ, ಚಿತ್ರ ಬರೆದವರ ಹಕ್ಕು ಬೇರೆ ಇರುತ್ತದೆ. ಚಿತ್ರ ನಿಮ್ಮ ಮಕ್ಕಳೇ ಬರೆಯಲಿ.

ಗ್ರಹಾಂ ಅವರ 'ದಿ ರಿಲಕ್ಟಂಟ್ ಡ್ರ್ಯಾಗನ್' 1898ರ ಕಥೆ, ಶಾಲೆಯ ಗ್ಯಾದರಿಂಗಿಗೆ ಹೇಳಿ ಮಾಡಿಸಿದಂತಿದೆ. ಕುರಿ ಕಾಯುವವನ ಮಗನಿಗೆ ಗುಡ್ಡದ ಗವಿಯಲ್ಲಿ ಒಂದು ಡ್ರ್ಯಾಗನ್ ಸಿಗುತ್ತದೆ. ಅದಕ್ಕೆ ಜಗಳ ಆಗಿಬರುವುದಿಲ್ಲ, ಕವಿತೆ ಕಟ್ಟುವುದೇ ಇಷ್ಟ. ಊರಿನವರಿಗೆ ಮಾತ್ರ ಕಾಳಗ ನೋಡಬೇಕು. ಡ್ರ್ಯಾಗನ್ ಕೊಲ್ಲಲು ವೀರನೊಬ್ಬನನ್ನು ಹುರಿದುಂಬಿಸುತ್ತಾರೆ. ಆಗ ಹುಡುಗ ನಡುವೆ ಬಂದು ಆ ವೀರನಿಗೂ ಡ್ರ್ಯಾಗನ್ನಿಗೂ ಒಳಗೊಳಗೇ ಒಪ್ಪಂದ ಮಾಡಿಸಿ, ಜನರೆದುರು ಒಂದು ಸುಳ್ಳು ಕಾಳಗ ಏರ್ಪಡಿಸುತ್ತಾನೆ. ಇದನ್ನು ದೊಡ್ಡಾಟದ ಧಾಟಿಯಲ್ಲಿ ಮಾಡಿಸಿ ನೋಡಿ. ವೀರ ಕುಣಿಯುತ್ತಾ ಬರಲಿ, ಡ್ರ್ಯಾಗನ್ ತಾನು ಕಟ್ಟಿದ ಪದ ಹಾಡಲಿ, ರಟ್ಟು ಮತ್ತು ಹಳೆಯ ಸೀರೆಯಲ್ಲಿ ಮೈ ಮಾಡಿ ಒಳಗೆ ನಾಲ್ಕೈದು ಹುಡುಗರು ನಿಲ್ಲಲಿ. ಹಾವೇರಿ ಸೀಮೆಯ ಮಕ್ಕಳಿಗೆ ಆಟ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ನೆಸ್ಬಿಟ್ ಅವರ ಒಂದು ಕಥೆಯಲ್ಲಿ ಬಾಲರಾಜ ಬೇಡ ಅಂದರೂ ಕೇಳದೆ ಪುಸ್ತಕ ತೆರೆಯುತ್ತಾನೆ, ಪುಟದೊಳಗಿನ ಡ್ರ್ಯಾಗನ್ ಎದ್ದು ಹಾರಿಹೋಗುತ್ತದೆ. ತರಗತಿಯಲ್ಲಿ ಹೇಳಲು ಅದೂ ಬಹಳ ಚೆಂದ.

ಎರಡನೆಯದು, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕಥೆಗಳು ಬಿಟ್ಟಿಯಾಗಿ ಸಿಗುತ್ತವೆ. 2015ರಿಂದ ನಡೆಯುತ್ತಿದೆ. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು. ಬೇರೆ ಭಾಷೆಯಲ್ಲಿ ಇಷ್ಟವಾದ ಕಥೆ ಕಂಡರೆ ಅಲ್ಲೇ ನೀವೇ ಕನ್ನಡ ಮಾಡಿ ಹಾಕಬಹುದು.

ಇನ್ನು ಒಂದು ದಿನ ಮಕ್ಕಳನ್ನು ಹಾವೇರಿಯ ಸಿದ್ಧೇಶ್ವರ ಗುಡಿಗೆ ಕರೆದುಕೊಂಡು ಹೋಗಿ, ಸಾಧ್ಯವಾದರೆ ಲಕ್ಕುಂಡಿಗೂ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಲ್ಲಿ ಮಕರ ಹುಡುಕಲು ಹೇಳಿ. ಆನೆಯ ಸೊಂಡಿಲು, ಮೊಸಳೆಯ ದವಡೆ, ಸುರುಳಿ ಸುರುಳಿ ಬಾಲ. ಮೊಬೈಲಿನಲ್ಲಿ ನೋಡಿದ ಡ್ರ್ಯಾಗನ್ನಿಗೂ ಇದಕ್ಕೂ ಏನು ವ್ಯತ್ಯಾಸ, ಇದು ಏನು ತಿನ್ನುತ್ತಿರಬಹುದು, ಯಾಕೆ ಬಾಗಿಲ ಮೇಲೆ ಕೂತಿದೆ ಅಂತ ಅವರೇ ಬರೆಯಲಿ. ಆ ಬರಹಗಳನ್ನು ಹೊಲಿದರೆ ನಿಮ್ಮ ಶಾಲೆಯ ಲೈಬ್ರರಿಗೆ ಒಂದು ಹೊಸ ಪುಸ್ತಕ.

ಪ್ರಶ್ನೆ: ನನಗೆ ಹದಿನೈದು ವರ್ಷ. ಡ್ರ್ಯಾಗನ್ ಕಾದಂಬರಿ ಬರೆಯುತ್ತಿದ್ದೇನೆ, ಕನ್ನಡದಲ್ಲೇ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸು ಮೊದಲು ಅಂತಾರೆ. ಈ ವಯಸ್ಸಿಗೆ ಯಾರಾದರೂ ಬರೆದಿದ್ದಾರಾ?
(ಧಾರವಾಡ)

ಉತ್ತರ: ಬರೆದಿದ್ದಾರೆ ತಮ್ಮಾ. 'ಎರಗಾನ್' ಬರೆದ ಕ್ರಿಸ್ಟೋಫರ್ ಪಾವೊಲಿನಿ ಅಮೆರಿಕದ ಮೊಂಟಾನಾದ ಹುಡುಗ, ಶುರು ಮಾಡಿದ್ದು 15ನೇ ವಯಸ್ಸಿಗೆ. ಮೊದಲು ಅಪ್ಪ ಅಮ್ಮನೇ ಅಚ್ಚು ಹಾಕಿಸಿದರು. ಅವನು ಹಳೇ ಕಾಲದ ವೇಷ ಹಾಕಿಕೊಂಡು ಶಾಲೆ, ಲೈಬ್ರರಿ ಅಂತ ಸುತ್ತಿ ಪುಸ್ತಕ ಮಾರಿದ. 2003ರಲ್ಲಿ ದೊಡ್ಡ ಪ್ರಕಾಶಕರು ಅದನ್ನು ತೆಗೆದುಕೊಂಡರು. ಆದರೆ ಇದೂ ಕೇಳು: ಅವನ ಶಾಲೆಯ ಓದು ಆಗಲೇ ಮುಗಿದಿತ್ತು, ಮತ್ತು ಮೊದಲ ಕರಡು ಮುಗಿದ ಮೇಲೆ ಮತ್ತೊಂದು ವರ್ಷ ಕೂತು ತಿದ್ದಿ ಬರೆದ. ಪರೀಕ್ಷೆಯ ವರ್ಷ ದಿನಕ್ಕೆ ಅರ್ಧ ಪುಟ ಸಾಕು. ಮನೆಯವರ ಜೊತೆ ಜಗಳ ಬೇಡ, ಅವರಿಗೆ ಒಂದು ಅಧ್ಯಾಯ ಓದಿ ಹೇಳು.

ನಿನ್ನ ಡ್ರ್ಯಾಗನ್ ಏನು ತಿನ್ನುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಅಂತ ಮೊದಲು ತೀರ್ಮಾನ ಮಾಡು. ದಿನಕ್ಕೊಂದು ಎಮ್ಮೆ ತಿಂದರೆ ಎಮ್ಮೆ ಕಳೆದುಕೊಂಡವನು ಸುಮ್ನೆ ಇರುತ್ತಾನಾ? ಕಥೆ ಅಲ್ಲಿಂದಲೇ ಹುಟ್ಟುತ್ತದೆ. ಹಿಮದ ಬೆಟ್ಟ, ಕೋಟೆ ಅಂತ ನೋಡದ ಜಾಗ ಹುಡುಕಬೇಡ. ನೃಪತುಂಗ ಬೆಟ್ಟ ಇದೆ, ಉಣಕಲ್ ಕೆರೆ ಇದೆ, ಜಿಟಿಜಿಟಿ ಮಳೆಯ ಧಾರವಾಡವೇ ಇದೆ. ಆ ಮಳೆಯಲ್ಲಿ ಬೆಂಕಿ ಉಗುಳುವ ಪ್ರಾಣಿಯ ಪಾಡೇನು ಅಂತ ಯಾರೂ ಬರೆದದ್ದು ನಾನು ಓದಿಲ್ಲ. ಪರೀಕ್ಷೆ ಮುಗಿದ ಮೇಲೆ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಜರ್ಡ್ ಆಫ್ ಅರ್ತ್‌ಸೀ' ಓದು. ಅದರಲ್ಲಿ ಮಂತ್ರವಾದಿ ಗೆಡ್, ಮುದಿ ಡ್ರ್ಯಾಗನ್ ಒಂದರ ನಿಜವಾದ ಹೆಸರು ಊಹಿಸಿ, ಆ ಹೆಸರಿನ ಬಲದಿಂದಲೇ ಅದನ್ನು ಕಟ್ಟಿಹಾಕುತ್ತಾನೆ. ಸಣ್ಣ ಪುಸ್ತಕ. ಒಂದು ವಾಕ್ಯವೂ ಹೆಚ್ಚಿಲ್ಲ.

ಪ್ರಶ್ನೆ: ಐದು ವರ್ಷದ ಮಗುವಿಗೆ ಡ್ರ್ಯಾಗನ್ ಪುಸ್ತಕ ಇದೆಯಾ? ದೊಡ್ಡ ಮಗನ ಸರಣಿಗಳಿಗೇ ಖರ್ಚು ಬಹಳ ಆಗುತ್ತಿದೆ.
(ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ಇದೆ. ಜೂಲಿಯಾ ಡೊನಾಲ್ಡ್‌ಸನ್ ಅವರ 'ಜಾಗ್' ಮತ್ತು ರಾಬರ್ಟ್ ಮನ್ಶ್ ಅವರ 'ದಿ ಪೇಪರ್ ಬ್ಯಾಗ್ ಪ್ರಿನ್ಸೆಸ್'. ಎರಡನೆಯದರಲ್ಲಿ ಡ್ರ್ಯಾಗನ್ ಹೊತ್ತೊಯ್ದ ರಾಜಕುಮಾರನನ್ನು ಬಿಡಿಸಲು ರಾಜಕುಮಾರಿಯೇ ಹೋಗುತ್ತಾಳೆ, ಮೈಮೇಲೆ ಕಾಗದದ ಚೀಲ ಹಾಕಿಕೊಂಡು. ಹೆಣ್ಣುಮಗುವಿಗೂ ಓದಿ, ಗಂಡುಮಗುವಿಗೂ ಓದಿ.

ಖರ್ಚಿನ ವಿಷಯಕ್ಕೆ ಬಂದರೆ, ಸರಣಿಯ ಡಬ್ಬಿ ಸೆಟ್ ಒಮ್ಮೆಲೇ ಕೊಳ್ಳಬೇಡಿ. ಮೊದಲ ಭಾಗ ತಂದು, ಮಗು ಮುಗಿಸಿ ಎರಡನೆಯದನ್ನು ತಾನಾಗಿ ಕೇಳುವ ತನಕ ಕಾಯಿರಿ. ನಿಮ್ಮ ಓಣಿಯಲ್ಲಿ ಇದೇ ವಯಸ್ಸಿನ ಮಕ್ಕಳಿರುವ ಮೂರು ನಾಲ್ಕು ಮನೆಯವರು ಸೇರಿ ಒಬ್ಬೊಬ್ಬರು ಒಂದೊಂದು ಭಾಗ ಕೊಂಡು ಬದಲಾಯಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಪುಸ್ತಕದ ಒಳಪುಟದಲ್ಲಿ ಓದಿದ ಮಕ್ಕಳು ಹೆಸರು, ತಾರೀಖು ಬರೆಯಲಿ, ಯಾರ ಹತ್ತಿರ ಇದೆ ಅನ್ನುವ ಜಗಳವೂ ತಪ್ಪುತ್ತದೆ.